ಮೂತಿಯೊಳಗಿನ ಎರಡು ಬಣ್ಣ

ಪುಟ್ಟ ರಾಕೆಟ್ಟಿನ ಪ್ಯಾರಾಚೂಟಿನ ಮೇಲೆ ಪೌಡರ್ ಉದುರಿಸಿ, ಅಂಗೈಯಿಂದ ಸವರಿ, ಮಡಿಸಿ ಪಕ್ಕಕ್ಕಿಡುತ್ತಿದ್ದಳು ಅವಳು. ಪೌಡರ್ ಹಾಕದಿದ್ದರೆ ತೆಳು ಪ್ಲಾಸ್ಟಿಕ್ ಒಂದಕ್ಕೊಂದು ಅಂಟಿಕೊಂಡು, ಆಕಾಶದಲ್ಲಿ ಬಿಚ್ಚಿಕೊಳ್ಳಬೇಕಾದ ಹೊತ್ತಿಗೆ ಮುದುಡಿಕೊಂಡೇ ಬಿದ್ದುಬಿಡುತ್ತದೆ. ಅವಳ ಮೂಗಿನ ತುದಿಗೂ ಒಂದಿಷ್ಟು ಮೆತ್ತಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ. ಎದುರಿಗೆ ನಿಂತವನಿಗೆ ಚೆನ್ನಾಗಿ ಗೊತ್ತಿತ್ತು.

"ರೀ, ಪ್ಯಾರಾಚೂಟಿಗೆ ಮಾತ್ರಾನಾ, ಇಲ್ಲಾ ನೀವೂ ಇವತ್ತು ಮೇಲಿಂದ ಹಾರೋ ಪ್ಲಾನ್ ಇದ್ಯಾ?"

"ನಿಮ್ಮನ್ನ ತಳ್ಳೋ ಪ್ಲಾನ್ ಇದೆ," ಎಂದಳು ತಲೆಯೆತ್ತದೆ.

ಮಕ್ಕಳಿಗೆ ಅವಳು ಪೌಡರ್ ಮಿಸ್. ಅವನು ಕೌಂಟ್‌ಡೌನ್ ಸರ್; ಗುಂಡಿ ಒತ್ತುವ ಮುಂಚೆ ಅವನಷ್ಟು ಗತ್ತಿನಿಂದ ಎಣಿಸುವವರು ಇನ್ನೊಬ್ಬರಿರಲಿಲ್ಲ. ಇಬ್ಬರೂ ಎಂಜಿನಿಯರಿಂಗ್ ಓದುತ್ತಿದ್ದವರು. ಬೇಸಿಗೆ ರಜೆಯಲ್ಲಿ ಶಾಲೆಯ ಹಳೆಯ ಮರಗೆಲಸದ ಕೊಠಡಿ ರಾಕೆಟ್ ಶಿಬಿರವಾಗುತ್ತಿತ್ತು. ಅಲ್ಲಿ ಮಕ್ಕಳಿಗೆ ಕಲಿಸಲು ಇಂಟರ್ನ್‌ಶಿಪ್ ಮೇಲೆ ಬಂದಿದ್ದರು. ಶಿಬಿರ ನಡೆಸುವ ದೊಡ್ಡ ಮೇಡಂ ಹಾಕಿದ ನಿಯಮ ಒಂದೇ: ಮಗು ತನ್ನ ರಾಕೆಟ್ಟಿನ ಮೇಲೆ ಹೆಸರು ಬರೆದ ಮೇಲೆ ಕಲಿಸುವವರು ಅದನ್ನು ಮುಟ್ಟುವ ಹಾಗಿಲ್ಲ. ಕೈ ಕಟ್ಟಿಕೊಂಡು ಪ್ರಶ್ನೆ ಕೇಳಬಹುದು, ಅಷ್ಟೇ.

ಓದು ಮುಗಿಯುತ್ತಿದ್ದಂತೆ ಇಬ್ಬರೂ ಒಂದು ವರ್ಷ ಇಲ್ಲೇ ಶಾಲೆಯಲ್ಲಿದ್ದು ರಾಕೆಟ್ ಕಲಿಸಿ ಎಂದು ದೊಡ್ಡ ಮೇಡಂ ಕೇಳಿದ್ದರು. ಅವರ ಮಾತು ಮುಗಿಯುವ ಮೊದಲೇ ಅವನು ಹೂಂ ಎಂದಿದ್ದ. ಅವಳು ಅಪ್ಪನನ್ನು ಕೇಳಬೇಕಿತ್ತು. ಅಪ್ಪನಿಗೆ ಕಿವಿ ಮಂದ, ಫೋನಿನಲ್ಲಿ ಹತ್ತು ಮಾತಾಡಿದರೆ ಒಂದೂ ಕೇಳಿಸದು. ಏನಿದ್ದರೂ ಕಾಗದವೇ ಆಗಬೇಕು. ಟೈಲರ್ ಅಂಗಡಿಯನ್ನು ಇನ್ನು ಮಗಳು ನೋಡಿಕೊಳ್ಳುತ್ತಾಳೆಂದು ಆಸೆಯಿಂದ ಕಾಯುತ್ತಿದ್ದ ಜೀವ ಅದು.

'ಅಪ್ಪಾ, ನಾನು ಇಲ್ಲೇ ಉಳಿಯುತ್ತೇನೆ, ಯಾಕೆಂದರೆ' ಎಂಬಲ್ಲಿಗೆ ಪೆನ್ನು ಪ್ರತಿ ಸಲ ನಿಂತುಬಿಡುತ್ತಿತ್ತು. ರಾಕೆಟ್ಟಿಗಾಗಿಯೋ, ಈ ಹುಡುಗನಿಗಾಗಿಯೋ? ಅವನಂತೂ ಬಾಯಿ ಬಿಟ್ಟು ಏನೂ ಹೇಳಿದವನಲ್ಲ. ಅಪ್ಪನಿಗೆ ಸುಳ್ಳು ಬರೆಯಲು ಅವಳಿಗೆ ಬರುತ್ತಿರಲಿಲ್ಲ. ವಾರಗಟ್ಟಲೆ ಕಾಗದ ಅರ್ಧಕ್ಕೇ ನಿಂತಿತ್ತು.

ಆ ಸಂಜೆ ಗುಂಡುಪಿನ್ನು ತನ್ನ ರಾಕೆಟ್ಟನ್ನು ಪರೀಕ್ಷೆಗೆ ತಂದಳು. ಶಿಬಿರದಲ್ಲೇ ಪುಟ್ಟವಳು, ಮಾತು ಮಾತ್ರ ಚುಚ್ಚುವಂಥದ್ದು; ಅದಕ್ಕೇ ಆ ಹೆಸರು. ದಾರ ಕಟ್ಟಿ ತಲೆಯ ಸುತ್ತ ಗಿರಗಿರನೆ ತಿರುಗಿಸಿದಾಗ ರಾಕೆಟ್ಟಿನ ಮೂತಿ ಮುಂದಿರಬೇಕು; ಆಗಲೇ ಅದು ನೆಟ್ಟಗೆ ಹಾರೀತು. ಇವಳದ್ದು ಬಾಲ ಮುಂದೆ ಮಾಡಿಕೊಂಡು ಸುತ್ತಿತು.

"ನಾಳೆ ನಮ್ಮನೆಯೋರೆಲ್ಲ ಬರ್ತಾರೆ," ಎಂದಳು ಗುಂಡುಪಿನ್ನು, ತುಟಿ ಕಚ್ಚಿಕೊಂಡು. "ಯೋಚನೆ ಮಾಡ್ತೀನಿ. ಯಾರೂ ಹೇಳ್ಕೊಡ್ಬೇಡಿ."

ಆ ಮುಖ ನೋಡಿ ಪೌಡರ್ ಮಿಸ್‌ಗೆ ತಡೆಯಲಾಗಲಿಲ್ಲ. ಎಲ್ಲರೂ ಹೋದ ಮೇಲೆ ಮೂತಿ ಬಿಚ್ಚಿ, ಮೂತಿ ಭಾರವಾಗಿ ಮುಂದಿರಲೆಂದು ಒಳಗೆ ಕೆಂಪು ಕ್ಲೇ ಒತ್ತಿ, ಏನೂ ಅರಿಯದವಳ ಹಾಗೆ ಮುಚ್ಚಿಟ್ಟಳು.

ಮಾರನೆಯ ದಿನ ಮೈದಾನದ ತುಂಬ ಜನ. ಅವನು ಎಣಿಸಿದ, ಗುಂಡಿ ಒತ್ತಿದ. ಗುಂಡುಪಿನ್ನಿನ ರಾಕೆಟ್ ಹೊಟ್ಟೆ ತುಂಬ ಉಂಡವರ ಹಾಗೆ ನಿಧಾನವಾಗಿ ಎದ್ದು, ತೆಂಗಿನ ಮರದೆತ್ತರಕ್ಕೂ ಹೋಗದೆ ವಾಲಿ, ಮೂತಿ ಕೆಳಗಾಗಿ ದೊಪ್ಪನೆ ಬಿತ್ತು.

ಹುಡುಗಿ ಅಳಲಿಲ್ಲ. ಓಡಿಹೋಗಿ, ನುಜ್ಜಾದ ಮೂತಿಯನ್ನು ಒಡೆದು ನೋಡಿದಳು. ಒಳಗೆ ಕೆಂಪು ಕ್ಲೇ. ಅದರ ಮೇಲೆ ಅಷ್ಟೇ ದಪ್ಪಗೆ ಹಸಿರು ಕ್ಲೇ.

"ಕೆಂಪು ಪೌಡರ್ ಮಿಸ್ ಮೇಜಿಂದು. ಹಸಿರು ಕೌಂಟ್‌ಡೌನ್ ಸರ್ ಡಬ್ಬೀದು," ಎಂದಳು ಎಲ್ಲರಿಗೂ ಕೇಳುವಂತೆ. "ನಾನು ಬೆಳಗ್ಗೆ ಬಂದು ದೊಡ್ಡ ರೆಕ್ಕೆ ಅಂಟಿಸಿದ್ದೆ. ಅದೇ ಸಾಕಿತ್ತು!"

"ನಂದೇ ತಪ್ಪು," ಎಂದಳು ಪೌಡರ್ ಮಿಸ್.

"ಇಲ್ಲ ಮೇಡಂ, ನಂದು, ಕತ್ತಲಲ್ಲಿ ಒಳಗೆ ಆಗ್ಲೇ ಕ್ಲೇ ಇದ್ದದ್ದು ಕಾಣ್ಲಿಲ್ಲ," ಎಂದ ಅವನು, ಅದೇ ಉಸಿರಿನಲ್ಲಿ.

ದೊಡ್ಡ ಮೇಡಂ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. "ನಿಯಮ ಮುರಿದೋರಿಗೆ ಇಲ್ಲಿ ಜಾಗ ಇಲ್ಲ. ಆದ್ರೆ ರಾಕೆಟ್ ನಂದಲ್ಲ. ಏನಮ್ಮಾ, ಇವರಿಬ್ಬರನ್ನ ಇಟ್ಕೊಳ್ಳೋಣ್ವಾ, ಮನೆಗೆ ಕಳ್ಸೋಣ್ವಾ?"

ಗುಂಡುಪಿನ್ನು ನ್ಯಾಯಾಧೀಶರ ಹಾಗೆ ಯೋಚಿಸಿದಳು. "ಇರ್ಲಿ ಪಾಪ. ನನ್ನ ರಾಕೆಟ್ ರಿಪೇರಿ ಆಗಿ ಹಾರೋವರೆಗೂ ಇಬ್ರೂ ಗೋಡೆ ಪಕ್ಕ ಕೈ ಕಟ್ಕೊಂಡು ನಿಂತಿರ್ಬೇಕು."

ನಿಂತರು. ಮನೆಯವರೆಲ್ಲ ಮುಸಿಮುಸಿ ನಗುತ್ತಿದ್ದರು. ಅವನ ಮೊಣಕೈಗೂ ಅವಳ ಮೊಣಕೈಗೂ ನಡುವೆ ಒಂದು ಕಾಗದ ತೂರುವಷ್ಟೇ ಜಾಗ.

"ನೀವ್ಯಾಕೆ ಹಾಕಿದ್ರಿ?" ಎಂದಳು ಎದುರಿಗೇ ನೋಡುತ್ತ.

"ಅವಳು ಅತ್ರೆ ನೀವೂ ಅಳ್ತೀರಿ ಅಂತ. ನೀವು ಅತ್ರೆ ನನ್ನ ಎಣಿಕೆ ತಪ್ಪುತ್ತೆ."

"ಬರೀ ಎಣಿಕೇನಾ?"

"ಊಟಾನೂ ತಪ್ಪುತ್ತೆ. ನಿದ್ದೆ ಈಗಾಗ್ಲೇ ತಪ್ಪಿಹೋಗಿದೆ."

ಅವಳ ಕೆನ್ನೆ ಬಿಸಿಯಾಯಿತು. ಬಿಸಿಲಿನ ಮೇಲೆ ಹಾಕಿ ಸುಮ್ಮನಾಗಬಹುದಿತ್ತು, ಆಗಲಿಲ್ಲ. "ನಾನಿಲ್ಲಿ ಉಳ್ಕೊಂಡ್ರೆ, ನಿಮಗೋಸ್ಕರ ಉಳ್ಕೊಂಡೆ ಅಂತ ಜಂಬ ಪಡ್ತೀರಾ?"

ಅವನು ಈ ಸಲ ತಮಾಷೆ ಮಾಡಲಿಲ್ಲ. "ನೀವು ಊರಿಗೆ ಹೋದ್ರೂ ನನ್ನ ಮನಸ್ಸು ಬದಲಾಗಲ್ಲ. ರಜೆ ಸಿಕ್ಕಾಗೆಲ್ಲ ಬಂದು ನಿಮ್ಮಪ್ಪನ ಹತ್ರ ಅಂಗಿ ಹೊಲಿಸ್ತೀನಿ. ಉಳಿಯೋದಾದ್ರೆ ರಾಕೆಟ್ಟಿಗೋಸ್ಕರ ಉಳೀರಿ. ನಾನು ಹೇಗಿದ್ರೂ ಸಿಗ್ತೀನಿ."

ಇಷ್ಟು ದಿನದ ಗಂಟು ಅಷ್ಟರಲ್ಲೇ ಸಡಿಲವಾಯಿತು. ಅವಳ ಕಣ್ಣು ತುಂಬಿತು, ನಗುವೂ ಬಂತು.

ಹೊಸ ಕಾಗದದ ಮೂತಿ ಹೊತ್ತು ರಾಕೆಟ್ ಮತ್ತೆ ಹಾರಿಸುವ ಕಂಬಿಯ ಮೇಲೆ ನಿಂತಿತು. ಈ ಸಲ ಗುಂಡುಪಿನ್ನೇ ಎಣಿಸಿದಳು, ಅವಸರದಲ್ಲಿ ಒಂದೆರಡು ಅಂಕಿ ನುಂಗಿಯೇ. ಭುಸ್ ಎಂದು ಬೆಂಕಿ. ಬೆಳ್ಳನೆಯ ಗೆರೆಯೊಂದು ನೆಟ್ಟಗೆ, ನೆಟ್ಟಗೆ, ಕತ್ತು ನೋಯುವಷ್ಟು ಎತ್ತರಕ್ಕೆ. ಅಲ್ಲಿ ಕ್ಷಣ ತಡೆದು, ಪಟ್ಟೆಂದು ಪ್ಯಾರಾಚೂಟ್ ಅರಳಿತು.

"ಹಾರ್ತು! ಹಾರ್ತು!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ಪೌಡರ್ ಮಿಸ್ಸೇ. ಕಟ್ಟಿದ ಕೈ ಯಾವಾಗ ಬಿಚ್ಚಿತೋ, ಅದನ್ನು ಅವನು ಯಾವಾಗ ಹಿಡಿದನೋ, ರಾಕೆಟ್ ನೆಲ ಮುಟ್ಟುವವರೆಗೂ ಅವಳಿಗೆ ತಿಳಿಯಲಿಲ್ಲ. ತಿಳಿದ ಮೇಲೂ ಬಿಡಿಸಿಕೊಳ್ಳಲಿಲ್ಲ.

ಅಲ್ಲೇ ಕಟ್ಟೆಯ ಮೇಲೆ ಕೂತು ಕಾಗದ ಮುಗಿಸಿದಳು. 'ಅಪ್ಪಾ, ನಾನು ಇಲ್ಲೇ ಉಳಿಯುತ್ತೇನೆ, ಯಾಕೆಂದರೆ ಮಕ್ಕಳು ತಾವೇ ಮಾಡಿದ್ದು ಹಾರುವುದನ್ನು ನೋಡುವಾಗ ನನಗೆ ಬೇರೇನೂ ಬೇಕೆನಿಸುವುದಿಲ್ಲ. ಅಂಗಡಿಗೆ ಒಬ್ಬ ಒಳ್ಳೆಯ ಸಹಾಯಕನನ್ನು ಹುಡುಕೋಣ. ಇನ್ನೊಂದು ವಿಷಯ: ಒಬ್ಬ ಹುಡುಗನಿಗೆ ನೀನು ಅಂಗಿಯ ಅಳತೆ ತೆಗೆದುಕೊಳ್ಳಬೇಕು. ನಾನೇ ಕರೆದುಕೊಂಡು ಬರುತ್ತೇನೆ.'

ಬೀದಿ ತುದಿಯ ಅಂಚೆ ಪೆಟ್ಟಿಗೆಯವರೆಗೂ ಅವನು ಜೊತೆಗೆ ನಡೆದ. ಅವಳು ಲಕೋಟೆಯನ್ನು ಒಳಗೆ ತಳ್ಳಿದಳು. ಅದು ತಳಕ್ಕೆ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು.