ಸಮನೆಲದ ಮೆಟ್ಟಿಲು

ಬಿದ್ದ ಮೇಲೆ, ನೋಡದಿದ್ದರೆ ನನ್ನ ಪಾದಗಳು ಎಲ್ಲಿವೆಯೆಂದೇ ತಿಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿಯೂ ಬೀಳದೆ ನಿಂತರೆ ಕೋಲು ಬಿಡಬಹುದು ಎಂದಿದ್ದಳು ಫಿಸಿಯೋಥೆರಪಿಯ ಹುಡುಗಿ. ಅಂದು ಬೆಳಿಗ್ಗೆ ತನ್ನ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ನನ್ನ ಕೈ ಹಿಡಿದಳು.

“ಕಣ್ಣು ಮುಚ್ಚಿ ಅಜ್ಜಿ. ಎಡಗಾಲು ಎಲ್ಲಿದೆ ಹೇಳಿ?”

“ಒಂದು ಮೆಟ್ಟಿಲು ಕೆಳಗಿದೆ ಕಣಮ್ಮ. ತಣ್ಣಗಿದೆ.”

“ಇಲ್ಲೆಲ್ಲಿ ಮೆಟ್ಟಿಲು? ನಿಮ್ಮ ಕಾಲು ಚೆನ್ನಾಗಿ ಸುಳ್ಳು ಹೇಳುತ್ತೆ ಬಿಡಿ!” ಎಂದು ನಕ್ಕಳು. ನನಗೆ ಧೈರ್ಯ ಬರಲೆಂದು “ನಾನೂ ಕಣ್ಣು ಮುಚ್ತೀನಿ” ಎಂದು ಪಕ್ಕದಲ್ಲಿ ನಿಂತಳು. ನಗು ನಿಂತಿತು. ಅವಳ ಬೆರಳುಗಳು ಬಿಗಿದವು.

“ಅಜ್ಜಿ, ನೀವು ಇಳೀಬೇಡಿ.”

ದನಿ ನನ್ನ ಸೊಂಟದ ಮಟ್ಟದಿಂದ ಬಂತು.

ಗಾಬರಿಯಿಂದ ಕಣ್ಣು ತೆರೆದೆ. ಅವಳು ನನ್ನ ಪಕ್ಕದಲ್ಲೇ, ಸಮನೆಲದ ಮೇಲೆ ನಿಂತಿದ್ದಳು. ನೆಲ ಒಣಗಿತ್ತು. ಅವಳ ಪೈಜಾಮ ಮಾತ್ರ ಮೊಣಕಾಲಿನವರೆಗೆ ಒದ್ದೆಯಾಗಿ ಅಂಟಿಕೊಂಡಿತ್ತು.