ಸುಂದುಸಳ ಫೋನಿನ ಕತ್ತಲೆ ಪರದೆ

“ಕೈರೋ ದಾಟಿದ ಮೇಲೆ ನದಿ ಎರಡಾಗುತ್ತೆ,” ಅಂದರು ಅಬ್ಲಾ ಸಫಿನಾಜ್. ಬೋರ್ಡಿನ ಮೇಲೆ ಸೀಮೆಸುಣ್ಣ ಕಿರ್ ಅಂದಿತು. “ಎಡಗಡೆ ಒಂದು ಗೆರೆ ಎಳೀತಿದ್ದೀನಿ. ಇದು ರಶೀದ್ ಕವಲು. ಬಲಗಡೆ ಇನ್ನೊಂದು. ಇದು ನಮ್ಮೂರಿಂದು, ದುಮ್ಯಾತ್ ಕವಲು.”

ಮುಂದಿನ ಬೆಂಚಿನಲ್ಲಿದ್ದ ಸುಂದುಸ್‌ಗೆ ನಗು ಬಂತು. ನಮ್ಮ ಕಡೆ ಟೀಚರನ್ನು ಅಬ್ಲಾ ಅನ್ನುತ್ತೇವೆ. ಈ ಅಬ್ಲಾಗೆ ಸೋಮವಾರದಿಂದ ಏನೋ ಆಗಿತ್ತು. ಬೋರ್ಡಿನ ಮೇಲೆ ಏನು ಬರೆದರೂ ಬಾಯಿಬಿಟ್ಟು ಹೇಳುತ್ತಿದ್ದರು, ಒಲೆ ಮುಂದೆ ಒಬ್ಬರೇ ಮಾತಾಡಿಕೊಳ್ಳುವ ಅಜ್ಜಿಯ ಹಾಗೆ. ನಡುನಡುವೆ ಪಾಠ ನಿಲ್ಲಿಸಿ ಬಾಗಿಲ ಆಚೆಗೂ ಹೋಗಿ ಬರುತ್ತಿದ್ದರು. ಯಾಕೋ ಏನೋ.

‘ಅಬ್ಲಾ ಇವತ್ತೂ ತಮ್ಮಷ್ಟಕ್ಕೆ ತಾವೇ ಮಾತಾಡುತ್ತಿದ್ದಾರೆ’ ಅಂತ ಸುಂದುಸ್ ನದಿಯ ನೋಟ್ಸಿನ ಕೆಳಗೆ ಒಂದು ಸಾಲು ಸೇರಿಸಿದಳು.

ಸುಂದುಸ್‌ಗೆ ಹುಟ್ಟಿನಿಂದ ಕಣ್ಣು ಕಾಣಿಸದು. ಅವಳು ನೋಟ್ಸ್ ಬರೆಯುವುದು ಫೋನಿನಲ್ಲಿ. ಅದನ್ನು ಅಡ್ಡವಾಗಿ ಎದೆಯ ಹತ್ತಿರ ಹಿಡಿದುಕೊಳ್ಳುತ್ತಾಳೆ. ಸ್ಕ್ರೀನ್ ಆಚೆ ಕಡೆಗೆ, ಬೋರ್ಡಿನ ಕಡೆಗೆ ತಿರುಗಿರುತ್ತದೆ. ಎರಡೂ ಕೈಯಿಂದ ಮೂರು ಮೂರು ಬೆರಳು ಅದರ ಮೇಲೆ. ಬ್ರೈಲ್ ಅಕ್ಷರಕ್ಕೆ ಆರು ಚುಕ್ಕೆ, ಅವಳಿಗೆ ಆರು ಬೆರಳು, ಲೆಕ್ಕ ಸರಿಹೋಯಿತು. ಒಂದು ಕಿವಿಯಲ್ಲಿ ಇಯರ್‌ಫೋನ್. ಅವಳು ಬರೆದದ್ದನ್ನು ಫೋನು ಆ ಕಿವಿಗೆ ಮೆಲ್ಲಗೆ ಓದಿ ಹೇಳುತ್ತದೆ. ಇನ್ನೊಂದು ಕಿವಿ ಪಾಠಕ್ಕೆ. ಕ್ಲಾಸಿನಲ್ಲಿ ಅವಳಷ್ಟು ಬೇಗ ಬರೆಯುವವರು ಇನ್ನೊಬ್ಬರಿಲ್ಲ, ಮತ್ತು ಆ ವಿಷಯ ಸುಂದುಸ್‌ಗೆ ಚೆನ್ನಾಗಿ ಗೊತ್ತು.

“ಮಿರ್ನಾ, ಬಾ. ನದಿ ಸಮುದ್ರ ಸೇರೋ ಜಾಗ ತೋರಿಸು,” ಅಂದರು ಅಬ್ಲಾ.

ಪಕ್ಕದಲ್ಲಿ ಕುಳಿತಿದ್ದ ಮಿರ್ನಾ ಎದ್ದು ಹೋದಳು. ಅವಳು ಸುಂದುಸಳ ಪ್ರಾಣಸ್ನೇಹಿತೆ. ಬೋರ್ಡಿನ ಹತ್ತಿರ ನಿಂತವಳು ಜಾಗ ತೋರಿಸಲು ಯಾಕೋ ತಡಮಾಡಿದಳು. ವಾಪಸ್ ಬಂದು ಕೂತವಳೇ ಸುಂದುಸಳ ತೊಡೆ ಚಿವುಟಿದಳು.

“ನಿನ್ನ ಸ್ಕ್ರೀನ್ ಲೈಟ್ ಆನ್ ಇದೆ ಕಣೇ,” ಅಂತ ಪಿಸುಗುಟ್ಟಿದಳು. “ಅಕ್ಷರ ಒಂದೊಂದೂ ಹೆಬ್ಬೆರಳಷ್ಟು ದಪ್ಪ. ಬೋರ್ಡ್ ಹತ್ರ ನಿಂತ್ರೆ ಎಲ್ಲಾ ಓದಬಹುದು. ತಮ್ಮಷ್ಟಕ್ಕೆ ತಾವೇ ಮಾತಾಡ್ತಿದ್ದಾರೆ ಅಂತ ಬರೆದಿದ್ದೀಯಲ್ಲ, ಅದೂ.”

ಸುಂದುಸಳ ಆರು ಬೆರಳೂ ನಿಂತುಹೋದವು.

ಅವಳ ಫೋನಿನಲ್ಲಿ ಒಂದು ಕತ್ತಲೆ ಪರದೆ ಉಂಟು. ಮೂರು ಬೆರಳಿನಿಂದ ಮೂರು ಸಲ ತಟ್ಟಿದರೆ ಸ್ಕ್ರೀನ್ ಪೂರ್ತಿ ಕಪ್ಪಾಗುತ್ತದೆ, ಕೆಲಸ ಮಾತ್ರ ನಡೆಯುತ್ತಲೇ ಇರುತ್ತದೆ. ಕಾಣದವಳಿಗೆ ಬೆಳಕು ಯಾಕೆ ಬೇಕು? ಬ್ಯಾಟರಿಯೂ ಉಳಿಯುತ್ತದೆ, ಇಣುಕುವವರಿಗೂ ಏನೂ ಸಿಗುವುದಿಲ್ಲ. ಅದು ಯಾವಾಗಲೂ ಹಾಕಿಯೇ ಇರುತ್ತದೆ ಅಂತ ಅವಳು ನಂಬಿದ್ದಳು. ಕಪ್ಪಾಗಿದೆಯೋ ಬೆಳಗಿದೆಯೋ ಅಂತ ಕೈಯಿಂದ ಮುಟ್ಟಿ ನೋಡುವ ಹಾಗಿಲ್ಲವಲ್ಲ.

ನಮ್ಮಲ್ಲಿ ಶುಕ್ರವಾರ, ಶನಿವಾರ ರಜೆ, ಭಾನುವಾರ ಮತ್ತೆ ಶಾಲೆ. ಈ ಶುಕ್ರವಾರ ತಮ್ಮ ಅನಸ್ ಗೇಮ್ ಆಡಲು ಫೋನ್ ಕೇಳಿದ್ದ. ಅವನು ಒಂದನೇ ಕ್ಲಾಸು, ಈಗಷ್ಟೇ ಅಕ್ಷರ ಕೂಡಿಸಿ ಓದುತ್ತಾನೆ. ಪರದೆ ತೆಗೆದು ಅಕ್ಷರ ದೊಡ್ಡದು ಮಾಡಿಕೊಂಡಿದ್ದಾನೆ, ಹಾಗೇ ವಾಪಸ್ ಕೊಟ್ಟಿದ್ದಾನೆ. ಈ ವಾರವೆಲ್ಲ ಮಧ್ಯಾಹ್ನಕ್ಕೇ ಚಾರ್ಜ್ ಖಾಲಿಯಾಗುತ್ತಿತ್ತು. ಬ್ಯಾಟರಿಗೆ ವಯಸ್ಸಾಯಿತು ಅಂದಿದ್ದರು ಅಪ್ಪ. ಪಾಪ, ಬ್ಯಾಟರಿ ಸುಮ್ಮನೆ ಬೈಸಿಕೊಂಡಿತ್ತು.

ಹಾಗಾದರೆ ಭಾನುವಾರದಿಂದ ಬರೆದದ್ದೆಲ್ಲ ಅಬ್ಲಾ ಕಣ್ಣೆದುರಿಗೇ ಇತ್ತು.

ಬ್ರೇಕ್ ಬೆಲ್ ಹೊಡೆಯಿತು. ಮಿರ್ನಾ ಫೂಲ್, ಅಂದರೆ ಬೇಯಿಸಿದ ಕಾಳಿನ ಪಲ್ಯ, ತುಂಬಿದ ಬ್ರೆಡ್ಡು ತೆಗೆದು ಅರ್ಧ ಮುರಿದು ಕೊಟ್ಟಳು. ಸುಂದುಸ್ ಅದನ್ನು ಹಾಗೇ ಅವಳ ಕೈಗೆ ವಾಪಸ್ ಇಟ್ಟಳು. ಇಯರ್‌ಫೋನಿನ ಒಂದು ತುದಿ ತಾನಿಟ್ಟುಕೊಂಡು, ಇನ್ನೊಂದನ್ನು ಮಿರ್ನಾಗೆ ಕೊಟ್ಟು, ಭಾನುವಾರದ ನೋಟ್ಸ್ ತೆಗೆದಳು. ಫೋನಿನ ಧ್ವನಿಗೆ ನಗುವೂ ಇಲ್ಲ, ನಾಚಿಕೆಯೂ ಇಲ್ಲ. ಅದು ಸಪ್ಪಗೆ ಓದಿತು.

‘ನದಿ ಇಲ್ಲಿಂದ ಇಲ್ಲಿಗೆ ಹರಿಯುತ್ತದೆ. ಎಲ್ಲಿಂದ ಎಲ್ಲಿಗೆ? ದೇವರಿಗೇ ಗೊತ್ತು. ಈಗ ಏನೋ ಬರೆದರು. ಗೊತ್ತಾಗಲಿಲ್ಲ. ಇನ್ನೇನೋ ಬರೆದರು. ಗೊತ್ತಾಗಲಿಲ್ಲ. ಇದನ್ನು ಎಲ್ಲರೂ ನೋಡಿ ಅಂತ ಅಬ್ಲಾ ಅಂದರು. ನಾನು ಸುಮ್ಮನೆ ಕೂತೆ. ಅಬ್ಲಾ ಮೂಗು ಎಳೆದರು. ಮತ್ತೆ ಎಳೆದರು. ನೆಗಡಿಯಾದ ಒಂಟೆ.’

ಮಿರ್ನಾ ಕಿಸಕ್ಕನೆ ನಕ್ಕು ತಕ್ಷಣ ಬಾಯಿ ಮುಚ್ಚಿಕೊಂಡಳು.

“ಅಳಿಸಿಬಿಡು,” ಅಂದಳು.

“ಇಲ್ಲಿಂದ ಅಳಿಸಬಹುದು. ಅಬ್ಲಾ ತಲೆಯಿಂದ ಯಾರು ಅಳಿಸ್ತಾರೆ?”

ಒಂಟೆಗಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಶಾಲೆಗೆ ಫೋನ್ ತರುವ ಹಾಗಿಲ್ಲ. ಅಮ್ಮ ಮೂರು ಸಲ ಬಂದು, ಬೇಡಿಕೊಂಡು, ಕೊನೆಗೆ ಸ್ವಲ್ಪ ದನಿ ಏರಿಸಿಯೂ ಮಾತಾಡಿ, ಸುಂದುಸ್ ಒಬ್ಬಳಿಗೆ ಒಪ್ಪಿಗೆ ಗಿಟ್ಟಿಸಿದ್ದಳು. ಅದರಲ್ಲಿ ಪಾಠ ಬಿಟ್ಟು ಬೇರೇನೂ ಬರೆಯಬಾರದು, ಯಾವ ಟೀಚರಿಂದ ಒಂದು ದೂರು ಬಂದರೂ ಫೋನ್ ಮನೆಯಲ್ಲೇ ಇರುತ್ತದೆ ಅಂತ ಹೆಡ್‌ಮಿಸ್ಟ್ರೆಸ್ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅದಕ್ಕೆ ಮುಂಚೆ ಸುಂದುಸ್ ಬ್ರೈಲ್ ಮಷಿನ್ ತರುತ್ತಿದ್ದಳು. ಹೆಗಲು ನೋಯುವಷ್ಟು ಭಾರ. ಅದರ ಗಡಗಡ ಸದ್ದಿಗೆ ಹಿಂದಿನ ಬೆಂಚಿನವರು ಗೊಣಗುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟು, ದಿನಾ ಸಂಜೆ ಮಿರ್ನಾಳ ನೋಟ್‌ಬುಕ್ಕನ್ನು ಅಮ್ಮನ ಕೈಲಿ ಓದಿಸಿಕೊಳ್ಳಬೇಕಾಯಿತು. ಅಮ್ಮನಿಗೆ ಅಡುಗೆ ಇದ್ದರೆ ಕಾಯಬೇಕು. ತನ್ನ ಪಾಠ ತನ್ನ ಕೈಯಲ್ಲಿ ಇಲ್ಲದ ಆ ದಿನಗಳು ಸುಂದುಸ್‌ಗೆ ಮತ್ತೆ ಬೇಡವೇ ಬೇಡ.

“ನಾನೇ ಹೋಗಿ ಹೇಳ್ತೀನಿ,” ಅಂದಳು.

“ಹುಚ್ಚಾ ನಿನಗೆ? ಅವರೇ ಸುಮ್ಮನಿದ್ದಾರೆ, ನೀನು ಹೋಗಿ ಕೆಣಕ್ತೀಯಾ?”

ಸುಂದುಸ್ ಆಗಲೇ ಎದ್ದಿದ್ದಳು. ಕಾರಿಡಾರಿನ ಗೋಡೆ ಹಿಡಿದು ನಡೆದಳು. ಎದುರಿನ ಬಡಗಿ ಅಂಗಡಿಯ ಗರಗಸ ಒಂದೇ ಸಮನೆ ಕೂಗುತ್ತಿತ್ತು. ಮೂರನೇ ಬಾಗಿಲಿನಲ್ಲಿ ಪುದೀನಾ ಚಹಾದ ವಾಸನೆ ಬಂತು. ಅದೇ ಟೀಚರುಗಳ ಕೋಣೆ.

“ಸುಂದುಸ್, ಬಾಮ್ಮ,” ಅಂದರು ಅಬ್ಲಾ ಸಫಿನಾಜ್. ಲೋಟದಲ್ಲಿ ಚಮಚ ಆಡುತ್ತಿತ್ತು. ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ.

“ಅಬ್ಲಾ, ನನ್ನ ಫೋನಿನ ಲೈಟ್ ಆನ್ ಇತ್ತಂತೆ. ನನಗೆ ಗೊತ್ತಿರಲಿಲ್ಲ. ನೀವು... ಓದಿದ್ರಾ?”

ಚಮಚ ನಿಂತಿತು.

“ಅಷ್ಟು ದೂರದಿಂದ ನಾನೇನು ಓದ್ಲಿ?” ಅಂದರು ಅಬ್ಲಾ. “ಕನ್ನಡಕ ಇಲ್ಲದೆ ನನಗೆ ಎರಡು ಗೇಣು ಆಚೆಗಿರೋದೂ ಕಾಣಲ್ಲ. ಕ್ಲಾಸಿಗೆ ಅದನ್ನ ತರೋದೂ ಇಲ್ಲ, ಮಕ್ಕಳು ಅಜ್ಜಿ ಅಂತಾರೆ. ಯಾಕೆ, ಓದಬಾರದ್ದು ಬರೆದಿದ್ದೀಯಾ?”

“ಸ್ವಲ್ಪ,” ಅಂದಳು ಸುಂದುಸ್.

“ಸ್ವಲ್ಪ ಆದ್ರೆ ಪರವಾಗಿಲ್ಲ. ಹೋಗು, ತಿಂಡಿ ತಿನ್ನು.”

ಸುಂದುಸಳ ಎದೆಯ ಮೇಲಿಂದ ಬ್ರೈಲ್ ಮಷಿನ್ನೇ ಇಳಿದಷ್ಟು ಹಗುರವಾಯಿತು. ಅಬ್ಲಾಗೆ ಕಣ್ಣು ಕಾಣಿಸದಿದ್ದದ್ದು ಎಷ್ಟು ಒಳ್ಳೆಯದಾಯಿತು ಅಂದುಕೊಂಡಳು. ಅಂದುಕೊಂಡ ಮೇಲೆ ಹಾಗೆ ಅಂದುಕೊಂಡದ್ದಕ್ಕೆ ಅವಳಿಗೇ ನಗು ಬಂತು. ಹೊರಗೆ ಕಾಯುತ್ತಿದ್ದ ಮಿರ್ನಾಗೆ ನಡೆದದ್ದನ್ನೆಲ್ಲ ಹೇಳಿದಳು.

ಮಿರ್ನಾ ಅವಳ ತೋಳು ಹಿಡಿದು ನಿಲ್ಲಿಸಿದಳು.

“ಅಬ್ಲಾ ಸಫಿನಾಜ್‌ಗೆ ಕನ್ನಡಕವಾ?” ಅಂದಳು. “ಅವರು ಯಾವತ್ತೂ ಹಾಕಿದ್ದೇ ಇಲ್ಲ ಕಣೇ. ಪುಸ್ತಕ ಓದುವಾಗಲೂ ಇಲ್ಲ, ಬರೆಯುವಾಗಲೂ ಇಲ್ಲ. ಹೋದ ತಿಂಗಳ ಟೆಸ್ಟಲ್ಲಿ ಕೊನೇ ಬೆಂಚಿನ ಹುಡುಗಿ ಅಂಗೈ ಮೇಲೆ ಬರ್ಕೊಂಡಿದ್ದನ್ನ ಬೋರ್ಡ್ ಹತ್ರ ನಿಂತೇ ಹಿಡಿದ್ರಲ್ಲ, ಮರೆತ್ಯಾ?”

ಸುಂದುಸ್ ಮರೆತಿರಲಿಲ್ಲ.

ಅವಳು ಗೋಡೆಗೆ ಒರಗಿ ನಿಂತಳು. ಭಾನುವಾರ ಅವಳು ‘ಗೊತ್ತಾಗಲಿಲ್ಲ’ ಅಂತ ಎಷ್ಟು ಸಲ ಬರೆದಿದ್ದಳು? ಸೋಮವಾರ ಬೆಳಿಗ್ಗೆ ಅಬ್ಲಾ ಬೋರ್ಡಿನ ಮೊದಲ ಸಾಲಿನಿಂದಲೇ ಬಾಯಿಬಿಟ್ಟು ಓದತೊಡಗಿದ್ದರು. ಸೋಮವಾರದಿಂದ ಕ್ಲಾಸಿನಲ್ಲಿ ಮೂಗು ಎಳೆದ ಸದ್ದು ಒಂದು ಸಲವೂ ಕೇಳಿರಲಿಲ್ಲ. ನೆಗಡಿಯೇನೂ ವಾಸಿಯಾಗಿರಲಿಲ್ಲ, ದನಿ ಇನ್ನೂ ಕಟ್ಟಿಕೊಂಡೇ ಇತ್ತು. ಅದಕ್ಕೇ ಅವರು ಬಾಗಿಲ ಆಚೆಗೆ ಹೋಗಿ ಬರುತ್ತಿದ್ದದ್ದು.

ಅವಳ ಮುಖ ಬಿಸಿಯಾಯಿತು. ಅಳು ಬರುವ ಹಾಗಾಯಿತು, ಆದರೆ ಅದು ಬೈಸಿಕೊಂಡಾಗ ಬರುವ ಅಳು ಅಲ್ಲ.

“ಏನಾಯ್ತೇ?” ಅಂದಳು ಮಿರ್ನಾ.

“ಏನಿಲ್ಲ. ಬ್ರೆಡ್ ಕೊಡು. ಹಸಿವಾಗ್ತಿದೆ.”

ಸಂಜೆ ಮನೆಯಲ್ಲಿ ಅನಸ್‌ನ ಕಿವಿ ಹಿಂಡಿದಳು, ತುಂಬ ಜೋರಾಗಿ ಏನಲ್ಲ. ಒಂಟೆಯ ಸಾಲನ್ನು ಅಳಿಸಿದಳು. ಕತ್ತಲೆ ಪರದೆ ಹಾಕಲು ಮೂರು ಬೆರಳು ಎತ್ತಿದವಳು ಯೋಚಿಸಿ ಕೈ ಇಳಿಸಿದಳು.

ಮಾರನೆಯ ದಿನ ಅಬ್ಲಾ ಸಫಿನಾಜ್ ಸಮುದ್ರತೀರದ ಊರುಗಳ ಪಾಠ ಮಾಡಿದರು. ಒಂದೊಂದು ಊರನ್ನೂ ಬರೆದರು, ಬೋರ್ಡಿನ ಎಡವೋ ಬಲವೋ ಹೇಳಿದರು, ಊರಿನಿಂದ ಊರಿಗೆ ಎಷ್ಟು ದೂರ ಅಂತಲೂ ಹೇಳಿದರು. ಎರಡು ಸಲ ಬಾಗಿಲ ಆಚೆಗೆ ಹೋಗಿ ಬಂದರು. ಸುಂದುಸ್ ಎಲ್ಲವನ್ನೂ ಬರೆದುಕೊಂಡಳು.

ಪಾಠ ಮುಗಿಯುವ ಮುಂಚೆ ಅವಳು ಫೋನನ್ನು ಎಂದಿಗಿಂತ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದಳು. ಆರು ಬೆರಳೂ ಚುರುಕಾಗಿ ಓಡಿದವು. ‘ಬೋರ್ಡಿನಲ್ಲಿ ಇದ್ದದ್ದೆಲ್ಲ ಸಿಕ್ಕಿತು ಅಬ್ಲಾ. ಮೂಗು ಇಲ್ಲೇ ಸೀಟಿಕೊಳ್ಳಿ. ಆಚೆ ಗಾಳಿ ತುಂಬ ತಣ್ಣಗಿದೆ.’

ಸೀಮೆಸುಣ್ಣ ನಿಂತಿತು. ಅಬ್ಲಾ ಏನೋ ಹೇಳಲು ಹೊರಟು ಕೆಮ್ಮಿದರು. ಆಮೇಲೆ ಬೋರ್ಡಿನ ಪಕ್ಕದಲ್ಲೇ ನಿಂತು ಜೋರಾಗಿ, ಧಾರಾಳವಾಗಿ ಮೂಗು ಸೀಟಿಕೊಂಡರು. ಇಡೀ ಕ್ಲಾಸು ನಕ್ಕಿತು. ಸುಂದುಸ್ ಮಾತ್ರ ನಗಲಿಲ್ಲ.

ಅವಳು ಮೂರು ಬೆರಳಿನಿಂದ ಮೂರು ಸಲ ತಟ್ಟಿ ಪರದೆ ಎಳೆದುಕೊಂಡಳು. ಮುಂದಿನ ಊರಿನ ಹೆಸರನ್ನು ಅಬ್ಲಾ ಬಿಡಿಸಿ ಬಿಡಿಸಿ ಹೇಳುತ್ತಿದ್ದರು, ಸುಂದುಸ್ ಬರೆದುಕೊಳ್ಳತೊಡಗಿದಳು.