ಎಕ್ಸ್ ಗುರುತಿನ ಬಯೋನೆಟ್

ಬಯೋನೆಟ್ಟಿನ ಮೊನೆ ನನ್ನ ಕಿವಿಯ ಕೆಳಗಿತ್ತು.

"ಖರೆ ಹೇಳಲೇ ಗೌತಮ! ಎರಡರಾಗ ಅಸಲಿ ಯಾವುದು?"

"ಕುತ್ತಿಗಿಗೆ ಹಿಡದ್ರ ಗುರುತು ಹ್ಯಾಂಗ ಓದ್ಲಿ? ಕೊಡು ಇಲ್ಲಿ!"

ಕೊಟ್ಟ. ಪ್ರತಾಪ... ಬಬಲೇಶ್ವರದಲ್ಲಿ ಹಳೆಯ ಸಾಮಾನಿನ ಗೋದಾಮು ಇಟ್ಟವನು. ಹಳೆಯ ಆಯುಧಗಳ ಗುರುತು ಓದುವುದು ನನ್ನ ಧಂದೆ. ಆದರೆ ಅಂದು ಹೋಗಿದ್ದು ಟಿಕೋಟಾದ ಪೀರಾಂಬಿಯ ಬಯೋನೆಟ್ ವಾಪಸ್ ತರಲು.

ಅವಳ ಗಂಡನ ಅಜ್ಜ ಮೊದಲ ಮಹಾಯುದ್ಧದಲ್ಲಿ ಬಸ್ರಾದಿಂದ ತಂದ, ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ ಅದು. ಆ ಮನೆಯ ಮದುಮಗ ಅದರ ತುದಿಗೆ ಲಿಂಬೆಹಣ್ಣು ಚುಚ್ಚಿ ಹಿಡಿದೇ ನಿಕಾಹಕ್ಕೆ ಕೂರಬೇಕು. ಮೊಮ್ಮಗ ಅತೀಕನ ನಿಕಾಹ ಅಂದೇ ಮಧ್ಯಾಹ್ನ ಎರಡಕ್ಕೆ! ಫೋಟೊ ತೆಗೆದು ಕೊಡುತ್ತೇನೆಂದು ಒಯ್ದ ಪ್ರತಾಪ, ನಕಲು ಮಾಡಿಸಿ ಅದನ್ನು ಮುದುಕಿಗೆ ಸಾಗಹಾಕಿ, ಅಸಲಿಯನ್ನು ಮುಂಬೈ ಗಿರಾಕಿಗೆ ಮಾರುವ ಪ್ಲಾನ್ ಹಾಕಿದ್ದ. ನಕಲು ಎಷ್ಟು ಚೆನ್ನಾಗಿತ್ತೆಂದರೆ... ಅವನಿಗೇ ಗುರುತು ಸಿಗಲಿಲ್ಲ!

ಎರಡರ ಮೇಲೂ ಕಿರೀಟ, 1907. ಒಂದರ ಹಿಂಬದಿಗೆ ಮಾತ್ರ ಸಣ್ಣ ಎಕ್ಸ್.

ಕಾರ್ಖಾನೆಯಲ್ಲಿ ಅಲಗನ್ನು ಬಗ್ಗಿಸಿ ನೋಡಿ ಪಾಸ್ ಮಾಡಿದ್ದರ ಗುರುತು ಅದು. ನಕಲು ಮಾಡಿದ ಕಮ್ಮಾರ ಅದನ್ನು ಬರಿಯ ಗೀಚು ಅಂದುಕೊಂಡು ಬಿಟ್ಟಿದ್ದ.

"ಸಾಲ್ಯಾಗ ಮಾಸ್ತರ ಎಕ್ಸ್ ಯಾವಾಗ ಹೊಡಿತಿದ್ರು?" ಎಂದೆ.

"ತಪ್ಪಾದಾಗ..."

"ಮತ್ತ? ನಿನ್ನ ಕಮ್ಮಾರ ನಕಲಿಗೆ ಎಕ್ಸ್ ಹೊಡದಾನ."

ಪ್ರತಾಪ ನಕ್ಕ. ಎಕ್ಸ್ ಇದ್ದದ್ದನ್ನು ನನ್ನತ್ತ ಎಸೆದ.

"ಒಯ್ದು ಮುದುಕಿಗೆ ಕೊಡು, ನಡಿ!"

ಬೈಕ್ ಹತ್ತಿದೆ. ಒಂದೂವರೆ! ಅರ್ಧ ದಾರಿಯಲ್ಲಿ ಫೋನ್ ಬಡಿದುಕೊಂಡಿತು.

"ಲೇ ಮಗನ! ಮುಂಬೈ ಗಿರಾಕಿ ಎಕ್ಸ್ ಎಲ್ಲೈತಿ ಅಂತ ಕೇಳಾಕತ್ತಾನ! ನಿಲ್ಲು! ನಿನ್ನ ಹಿಂದ ಅದೇನಿ!"

ಕನ್ನಡಿಯಲ್ಲಿ ಅವನ ಬೊಲೆರೊ. ಹತ್ತಿರ... ಇನ್ನೂ ಹತ್ತಿರ... ನನ್ನ ಮಡ್‌ಗಾರ್ಡ್‌ಗೆ ಬಂಪರ್ ತಾಗಿತು!

ಬೈಕನ್ನು ಪಕ್ಕದ ದ್ರಾಕ್ಷಿ ತೋಟಕ್ಕೆ ನುಗ್ಗಿಸಿದೆ. ತಲೆಯ ಮೇಲೆ ತಂತಿ. ಹ್ಯಾಂಡಲ್ ಮೇಲೆ ಮಲಗಿಯೇ ಓಡಿಸಿದೆ. ಅಂಗಿ ಹರಿಯಿತು, ಬೆನ್ನೂ ಹರಿಯಿತು. ಸಾಲಿನ ನಡುವೆ ಬೊಲೆರೊ ತೂರಲಿಲ್ಲ. ಅವನು ಸುತ್ತು ಹಾಕಬೇಕಾಯಿತು.

ಪೆಂಡಾಲಿನ ಬಾಗಿಲಲ್ಲೇ ಪೀರಾಂಬಿ ನಿಂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ. ಬಯೋನೆಟ್ ಇಸಿದುಕೊಂಡು ಎಕ್ಸ್ ಮೇಲೆ ಹೆಬ್ಬೆರಳಾಡಿಸಿದಳು.

"ನಮ್ಮ ಮನೀದ ಐತಿ ಯಪ್ಪಾ!" ಎಂದು ಅತ್ತೇಬಿಟ್ಟಳು.

ನಾನೂ ಹರಿದ ಅಂಗಿಯಲ್ಲೇ ಕಣ್ಣೊರೆಸಿಕೊಂಡೆ, ಸುಳ್ಳೇಕೆ ಹೇಳಲಿ!

ಪ್ರತಾಪ ನುಗ್ಗುವ ಹೊತ್ತಿಗೆ ಲಿಂಬೆಹಣ್ಣು ಚುಚ್ಚಿದ ಬಯೋನೆಟ್ ಅತೀಕನ ಕೈಯಲ್ಲಿತ್ತು. ನಾನೂರು ಜನ ತಿರುಗಿ ನೋಡಿದರು.

"ಬರ್ರಿ ಪ್ರತಾಪಣ್ಣ, ಕುಂದರ್ರಿ. ಉಂಡ ಹೋಗ್ರಿ!" ಎಂದಳು ಪೀರಾಂಬಿ.

ಕುಳಿತ. ಮೆಲ್ಲಗೆ ಕೇಳಿದ, "ಮದುವಿ ಮುಗದ ಮ್ಯಾಲ ಮಾರ್ತೀರೇನ್ರಿ?"

"ಇನ್ನ ಮೂರು ಮೊಮ್ಮಕ್ಕಳ ಮದುವಿ ಆಗಬೇಕ್ರಿ. ಸಣ್ಣಾವ ತೊಟ್ಟಿಲದಾಗ ಅದಾನ."

ಪ್ರತಾಪನಿಗೆ ಈಗ ಐವತ್ತೆಂಟು. ಕಾಯಲಿ... ಆಯಸ್ಸು ಗಟ್ಟಿ ಇದ್ದರೆ!